ಕುದುರೆ ಓಡಿದ್ದು ಎಲ್ಲರಿಗೂ ಕಾಣ್ತು, ಕೈ ಎತ್ತಿದ್ದು ಯಾರಿಗೂ ಕಾಣಲಿಲ್ಲ

ಕುದುರೆ ರೇಸ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಮೂರು: ಕುದುರೆ, ಜಾಕಿ, ಬಾಜಿ. ನಾಲ್ಕನೆಯದು ಒಂದಿದೆ, ಅದು ಟಿವಿಯಲ್ಲಿ ಬರಲ್ಲ. ಒಂದು ಉದ್ದನೆಯ ಮೇಜು, ಅದರ ಸುತ್ತ ಕೂತ ಆರೇಳು ಜನ. ಕುದುರೆಗೆ ಯಾವ ಔಷಧ ಕೊಡಬಹುದು, ಜಾಕಿ ಚಾಟಿಯನ್ನು ಎಷ್ಟು ಸಲ ಬೀಸಬಹುದು, ಯಾವ ಟ್ರ್ಯಾಕಿಗೆ ಯಾವ ತಾರೀಖು, ನಿಯಮ ಮುರಿದವರಿಗೆ ಏನು ಶಿಕ್ಷೆ, ಇದೆಲ್ಲ ತೀರ್ಮಾನ ಆಗೋದು ಆ ಮೇಜಿನ ಮೇಲೆ.

ಒಂದು ತಮಾಷೆ ನೋಡಿ. ಎರಡು ಕುದುರೆ ಒಟ್ಟೊಟ್ಟಿಗೆ ಗೆರೆ ದಾಟಿದರೆ ಫೋಟೊ ಫಿನಿಶ್ ಕ್ಯಾಮೆರಾ ಇದೆ. ಮೂಗಿನಷ್ಟು ಅಂತರವನ್ನೂ ಹಿಡಿದು, ಆ ಚಿತ್ರವನ್ನು ಎಲ್ಲರ ಮುಂದೆ ಇಡ್ತಾರೆ. ಟಿಕೆಟ್ ಕೈಲಿ ಹಿಡಿದವನು ಒಪ್ಪದಿದ್ದರೂ ಚಿತ್ರ ಸುಳ್ಳು ಹೇಳಲ್ಲ. ಆದರೆ ಆ ರೇಸಿನ ನಿಯಮ ಮಾಡಿದ ಮೇಜಿನಲ್ಲಿ ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲ, ಯಾರು ಎದ್ದು ಹೊರಗೆ ಹೋದರು ಅನ್ನೋದಕ್ಕೆ ಅಂಥ ಕ್ಯಾಮೆರಾ ಇದೆಯಾ? ಇದ್ದರೂ ಅದರಿಂದ ನಮಗೇನು ಗೊತ್ತಾಗುತ್ತೆ? ಈ ಲೇಖನ ಅದರ ಬಗ್ಗೆ.

ಮತ ಗುಟ್ಟಾಗಿರಬೇಕಲ್ವಾ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ವಿಧಾನಸಭೆ ಚುನಾವಣೆಯಲ್ಲಿ ನೀವು ಯಾರಿಗೆ ಮತ ಹಾಕಿದಿರಿ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ಹಾಗಿರುವಾಗ ರೇಸಿಂಗ್ ಬೋರ್ಡಿನ ಸದಸ್ಯರ ಮತ ಮಾತ್ರ ಯಾಕೆ ಬಹಿರಂಗ ಆಗಬೇಕು?

ವ್ಯತ್ಯಾಸ ಇರೋದು ಅಧಿಕಾರ ಯಾರದ್ದು ಅನ್ನೋದರಲ್ಲಿ. ಮತದಾರ ಚಲಾಯಿಸೋದು ತನ್ನ ಸ್ವಂತ ಹಕ್ಕು. ಅವನು ಯಾರಿಗೂ ಲೆಕ್ಕ ಕೊಡಬೇಕಿಲ್ಲ, ಅವನ ಮೇಲೆ ಯಾರೂ ಒತ್ತಡ ಹಾಕಬಾರದು ಅಂತಲೇ ಗುಟ್ಟು. ಬೋರ್ಡಿನ ಸದಸ್ಯ ಚಲಾಯಿಸೋದು ಬೇರೆಯವರು ನಂಬಿ ಕೊಟ್ಟ ಅಧಿಕಾರ. ಅವನ ಒಂದು ಮತದಿಂದ ಒಬ್ಬ ಟ್ರೈನರ್‌ನ ಲೈಸೆನ್ಸ್ ಹೋಗಬಹುದು, ಒಬ್ಬ ಮಾಲೀಕನಿಗೆ ಲಕ್ಷಾಂತರ ಡಾಲರ್ ಸಿಗಬಹುದು. ಕೊಟ್ಟವರಿಗೆ ಲೆಕ್ಕ ಕೇಳೋ ಹಕ್ಕಿದೆ.

ನಮ್ಮ ಶಾಸನಸಭೆಗಳಲ್ಲೇ ಇದರ ಎರಡೂ ರೂಪ ಇವೆ. 'ಧ್ವನಿಮತದಿಂದ ಅಂಗೀಕಾರ' ಅಂತ ಪೇಪರಿನಲ್ಲಿ ಓದಿರ್ತೀರಿ. ಹೌದು ಅನ್ನೋರ ದನಿ ಜೋರಾಗಿ ಕೇಳಿಸ್ತು, ಮಸೂದೆ ಪಾಸಾಯ್ತು, ಅಷ್ಟೆ. ಯಾರು ಹೌದು ಅಂದರು, ಯಾರು ಸುಮ್ಮನೆ ಕೂತರು ಅನ್ನೋದಕ್ಕೆ ಹೆಸರಿನ ದಾಖಲೆ ಉಳಿಯಲ್ಲ. ಲೋಕಸಭೆಯಲ್ಲಿ ಯಾರಾದರೂ ಡಿವಿಷನ್ ಕೇಳಿ ಅದು ನಡೆದರೆ ಮಾತ್ರ ಹೆಸರು ಹೆಸರಾಗಿ ದಾಖಲಾಗುತ್ತೆ. ಸರ್ವರ್ ಭಾಷೆಯಲ್ಲಿ ಹೇಳಬೇಕಂದ್ರೆ, ಧ್ವನಿಮತ ಅನ್ನೋದು ಯೂಸರ್ ಹೆಸರಿಲ್ಲದ ಲಾಗ್ ಫೈಲ್. ಏನು ಬದಲಾಯ್ತು ಅಂತ ಗೊತ್ತಾಗುತ್ತೆ, ಯಾರು ಬದಲಾಯಿಸಿದರು ಅಂತ ಗೊತ್ತಾಗಲ್ಲ.

ಕ್ಯಾಲಿಫೋರ್ನಿಯಾದ ತೆರೆದ ಬಾಗಿಲು

ಅಮೆರಿಕದಲ್ಲಿ ಬಹಳ ಕಾಲ ಕುದುರೆ ರೇಸಿನ ನಿಯಂತ್ರಣ ಇದ್ದದ್ದು ಒಂದೊಂದು ರಾಜ್ಯದ ಕೈಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಹಾರ್ಸ್ ರೇಸಿಂಗ್ ಬೋರ್ಡ್ ಅಂತ ಸರ್ಕಾರಿ ಮಂಡಳಿ ಇದೆ. ಕಾನೂನಿನ ಪ್ರಕಾರ 7 ಸದಸ್ಯರು, ನೇಮಕ ಮಾಡೋದು ಗವರ್ನರ್.

ಅದು ಸರ್ಕಾರಿ ಮಂಡಳಿ ಆದ್ದರಿಂದ ಆ ರಾಜ್ಯದ ಬ್ಯಾಗ್ಲಿ-ಕೀನ್ ತೆರೆದ ಸಭೆ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ. ಸಭೆಯ ಕಾರ್ಯಸೂಚಿಯನ್ನು ಮುಂಚೆಯೇ ಪ್ರಕಟಿಸಬೇಕು, ಸಾರ್ವಜನಿಕರು ಬಂದು ಕೂರಬಹುದು, ಮಾತಾಡಬಹುದು. 2014ರಲ್ಲಿ ಈ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ಏನು ತೀರ್ಮಾನ ಆಯ್ತು ಅಂತ ಹೇಳಿದರೆ ಸಾಲದು, ಹಾಜರಿದ್ದ ಪ್ರತಿಯೊಬ್ಬ ಸದಸ್ಯ ಹೇಗೆ ಮತ ಹಾಕಿದ, ಅಥವಾ ತಟಸ್ಥನಾಗಿ ಉಳಿದ ಅನ್ನೋದನ್ನೂ ಬಹಿರಂಗವಾಗಿ ಹೇಳಬೇಕು. ಅಂದ್ರೆ ಧ್ವನಿಮತದ ಕಾಲ ಮುಗೀತು, ಹೆಸರು ಕರೆದು ಮತ ಕೇಳೋ ಕಾಲ ಬಂತು.

ಇದರ ಉಪಯೋಗ ಏನು ಅನ್ನೋದಕ್ಕೆ ಚಾಟಿಯ ನಿಯಮ ಒಳ್ಳೆ ಉದಾಹರಣೆ. ಲಾಸ್ ಏಂಜಲೀಸ್ ಹತ್ತಿರದ ಸಾಂಟಾ ಅನಿಟಾ ಟ್ರ್ಯಾಕಿನಲ್ಲಿ 2018ರ ಡಿಸೆಂಬರ್ ಕೊನೆಗೆ ಶುರುವಾಗಿ 2019ರ ಜೂನ್‌ನಲ್ಲಿ ಮುಗಿದ ಒಂದೇ ಸೀಸನ್ನಿನಲ್ಲಿ 30 ಕುದುರೆಗಳು ಸತ್ತವು. ದೇಶವೆಲ್ಲ ಗದ್ದಲ ಆಯ್ತು. ಪ್ರಾಣಿದಯಾ ಸಂಘಟನೆಯವರು ಗೇಟಿನ ಮುಂದೆ ನಿಂತರು. ಮಂಡಳಿ ಔಷಧ, ಚಾಟಿ, ತಪಾಸಣೆ ಎಲ್ಲದರ ನಿಯಮವನ್ನೂ ಮತ್ತೆ ಕೈಗೆತ್ತಿಕೊಂಡಿತು. ಚಾಟಿಯನ್ನು ಭುಜದ ಮೇಲೆತ್ತಿ ಬೀಸಬಾರದು, ಒಂದು ರೇಸಿನಲ್ಲಿ 6 ಸಲಕ್ಕಿಂತ ಹೆಚ್ಚು ಬಳಸಬಾರದು ಅನ್ನೋ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಜಾಕಿಗಳಿಗೆ ಇದು ಇಷ್ಟ ಇರಲಿಲ್ಲ. ಕುದುರೆಯನ್ನು ಹಿಡಿತದಲ್ಲಿ ಇಡೋಕೆ, ನಮ್ಮ ಜೀವ ಉಳಿಸಿಕೊಳ್ಳೋಕೆ ಚಾಟಿ ಬೇಕು ಅಂದರು. ಬೇರೆಯವರು, ಆರೂ ಹೆಚ್ಚಾಯ್ತು ಅಂದರು. ಯಾರು ಸರಿ ಅನ್ನೋದು ಬೇರೆ ಪ್ರಶ್ನೆ. ಈ ವಾದ ನಡೆದದ್ದು ತೆರೆದ ಸಭೆಯಲ್ಲಿ. ಮಂಡಳಿ ತನ್ನ ಸಭೆಯ ಮಾತುಗಳ ಪೂರ್ತಿ ಲಿಖಿತ ಪ್ರತಿ ಪ್ರಕಟಿಸುತ್ತೆ. ಸೋತ ಜಾಕಿಗೂ, ತಾನು ಯಾರ ಮತದಿಂದ ಸೋತೆ, ಅವರು ಕೊಟ್ಟ ಕಾರಣ ಏನು ಅಂತ ಓದಿಕೊಳ್ಳೋಕೆ ಆಗುತ್ತೆ.

ಇಷ್ಟು ಓದಿದ ಮೇಲೆ, ಆಹಾ, ಎಲ್ಲಾ ಸರಿ ಇದೆಯಲ್ಲ ಅನ್ನಿಸಬಹುದು. ಅದಕ್ಕೇ ಜಸ್ಟಿಫೈ ಕಥೆ ಹೇಳಬೇಕು.

ಜಸ್ಟಿಫೈ ಮತ್ತು ದತ್ತೂರ

2018ರ ಏಪ್ರಿಲ್ 7. ಅದೇ ಸಾಂಟಾ ಅನಿಟಾದಲ್ಲಿ 10 ಲಕ್ಷ ಡಾಲರ್ ಬಹುಮಾನದ ಡರ್ಬಿ. ಜಸ್ಟಿಫೈ ಅನ್ನೋ ಕುದುರೆ ಗೆದ್ದಿತು. ಎರಡನೇ ಬಂದದ್ದು ಬೋಲ್ಟ್ ಡೋರೋ. ಗೆದ್ದವರಿಗೆ 6 ಲಕ್ಷ, ಎರಡನೆಯವರಿಗೆ 2 ಲಕ್ಷ. ಹಣಕ್ಕಿಂತ ದೊಡ್ಡದು ಅಂಕ. ಜಸ್ಟಿಫೈಗೆ ಅದು ಜೀವಮಾನದ ಮೂರನೇ ರೇಸ್ ಅಷ್ಟೆ, ಕೆಂಟಕಿ ಡರ್ಬಿಗೆ ಅರ್ಹತೆಯ ಅಂಕ ಬಂದದ್ದೇ ಆ ಗೆಲುವಿನಿಂದ.

ರೇಸ್ ಆದ ಮೇಲೆ ತೆಗೆದ ಮಾದರಿಯಲ್ಲಿ ಸ್ಕೋಪೊಲಮೈನ್ ಅನ್ನೋ ನಿಷಿದ್ಧ ವಸ್ತು ಸಿಕ್ಕಿತು. ಇದು ಜಿಮ್ಸನ್ ಕಳೆ ಅನ್ನೋ ಗಿಡದಲ್ಲಿ ಇರುತ್ತೆ. ನಮ್ಮ ಊರಿನ ತಿಪ್ಪೆ ಪಕ್ಕ ಬೆಳೆಯೋ ದತ್ತೂರದ, ಅಂದ್ರೆ ಉಮ್ಮತ್ತಿಯ, ಅದೇ ಕುಲದ ಗಿಡ. ಹುಲ್ಲಿನ ಜೊತೆ ಬೆರೆತು ಕುದುರೆಯ ಹೊಟ್ಟೆ ಸೇರೋದು ಉಂಟು. ಮಿಲಿಲೀಟರಿಗೆ 75 ನ್ಯಾನೊಗ್ರಾಂ ಮಿತಿ, ಸಿಕ್ಕಿದ್ದು 300 ಅಂತ ಆಮೇಲೆ ವರದಿಯಾಯ್ತು.

ತಿಂಗಳು ಕಳೆಯೋ ಮುಂಚೆ ಕೆಂಟಕಿ ಡರ್ಬಿ. ಜಸ್ಟಿಫೈ ಅದನ್ನೂ ಗೆದ್ದಿತು. ಆಮೇಲೆ ಪ್ರೀಕ್ನೆಸ್, ಜೂನ್ 9ಕ್ಕೆ ಬೆಲ್ಮಾಂಟ್. ಮೂರೂ ಗೆದ್ದು ಟ್ರಿಪಲ್ ಕ್ರೌನ್ ಪಡೆದ 13ನೇ ಕುದುರೆ ಅಂತ ಚರಿತ್ರೆ ಸೇರಿತು. ಈ ಸಂಭ್ರಮ ನೋಡಿದ ಜನರಿಗೆ ಪರೀಕ್ಷೆಯ ಫಲಿತಾಂಶ ಗೊತ್ತೇ ಇರಲಿಲ್ಲ.

ಆಗಸ್ಟ್ 23ರಂದು ಕ್ಯಾಲಿಫೋರ್ನಿಯಾ ಮಂಡಳಿ ಮುಚ್ಚಿದ ಬಾಗಿಲ ಸಭೆಯಲ್ಲಿ ಈ ಪ್ರಕರಣವನ್ನು ಕೈಬಿಡೋಕೆ ಮತ ಹಾಕಿತು. ಅವಿರೋಧವಾಗಿ. ಇದು ಹೊರಗೆ ಬಂದದ್ದು ಒಂದು ವರ್ಷ ಕಳೆದ ಮೇಲೆ, 2019ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವರದಿ ಮಾಡಿದಾಗ. ಮಂಡಳಿಯ ಆಗಿನ ಅಧ್ಯಕ್ಷರಿಗೆ ಜಸ್ಟಿಫೈಯ ಟ್ರೈನರ್ ಬಾಬ್ ಬಫರ್ಟ್ ತರಬೇತಿ ಕೊಡುತ್ತಿದ್ದ ಕುದುರೆಗಳಲ್ಲಿ ಪಾಲಿತ್ತು ಅನ್ನೋದನ್ನೂ ಪತ್ರಿಕೆ ಬರೆಯಿತು.

ಮಂಡಳಿಯ ಕಡೆಯ ಮಾತನ್ನೂ ಹೇಳಬೇಕು. ಅದೇ ದಿನಗಳಲ್ಲಿ ಬೇರೆ ಕೆಲವು ಕುದುರೆಗಳಲ್ಲೂ ಇದೇ ವಸ್ತುವಿನ ಕುರುಹು ಕಂಡಿತ್ತು, ಆದ್ದರಿಂದ ಇದು ಯಾರೋ ಬೇಕಂತ ಕೊಟ್ಟದ್ದಲ್ಲ, ಹುಲ್ಲಿನಿಂದ ಬಂದದ್ದು ಅಂತ ಅವರು ಹೇಳಿದರು. ಇದು ತಳ್ಳಿಹಾಕೋ ವಾದ ಏನಲ್ಲ. ಆದರೆ ಅದೇ ವಾದವನ್ನು 2018ರಲ್ಲೇ, ತೆರೆದ ಸಭೆಯಲ್ಲಿ ಹೇಳಬಹುದಿತ್ತಲ್ಲ? ಎರಡನೇ ಬಂದ ಕುದುರೆಯ ಕಡೆಯವರು ಕೋರ್ಟಿಗೆ ಹೋದರು. 2020ರಲ್ಲಿ ವಿಚಾರಣೆ ನಡೆಸಿದ ಸ್ಟೀವರ್ಡ್‌ಗಳು ಜಸ್ಟಿಫೈಯನ್ನು ಅನರ್ಹ ಮಾಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಧೀಶರೊಬ್ಬರು ಆ ತೀರ್ಮಾನ ಸರಿಯಲ್ಲ, ನಿಯಮದ ಪ್ರಕಾರ ಅನರ್ಹ ಮಾಡಲೇಬೇಕಿತ್ತು ಅಂತ ಆದೇಶ ಕೊಟ್ಟರು. ಒಂದು ರೇಸ್ ಎರಡು ನಿಮಿಷದೊಳಗೆ ಮುಗಿಯುತ್ತೆ. ಇದರ ಫಲಿತಾಂಶದ ಜಗಳ ಐದೂವರೆ ವರ್ಷ ಆದರೂ ನಡೀತಾನೇ ಇತ್ತು. ಅಂದು ಬೋಲ್ಟ್ ಡೋರೋ ಮೇಲೆ ಬಾಜಿ ಕಟ್ಟಿದವರಿಗೆ ಈಗ ಏನು ತೀರ್ಪು ಬಂದರೂ ಪ್ರಯೋಜನ ಇಲ್ಲ. ಟ್ರ್ಯಾಕಿನಲ್ಲಿ ಆ ದಿನ ಅಧಿಕೃತ ಅಂತ ಘೋಷಿಸಿ ಹಣ ಹಂಚಿದ ಮೇಲೆ ಬಾಜಿಯ ಲೆಕ್ಕ ಬದಲಾಗಲ್ಲ.

'ಅವಿರೋಧ'ದ ಎಂಟ್ರೊಪಿ ಸೊನ್ನೆ

ಈಗ ನಮ್ಮ ವಿಷಯಕ್ಕೆ ಬರೋಣ. ಆ ದಿನದ ಮತದ ದಾಖಲೆ ಹೆಸರು ಸಮೇತ ಪ್ರಕಟ ಆಗಿತ್ತು ಅಂತ ಇಟ್ಕೊಳ್ಳಿ. ಅದರಲ್ಲಿ ಏನಿರುತ್ತಿತ್ತು? ಎಲ್ಲರ ಹೆಸರಿನ ಮುಂದೆ 'ಹೌದು'. ಇದರಿಂದ ನಮಗೆಷ್ಟು ತಿಳೀತು?

ಇನ್ಫರ್ಮೇಷನ್ ಥಿಯರಿ ಓದಿದವರಿಗೆ ಇದು ಥಟ್ಟಂತ ಹೊಳೆಯುತ್ತೆ. 7 ಜನ, ಪ್ರತಿಯೊಬ್ಬರೂ ಹೌದು ಅಥವಾ ಇಲ್ಲ ಅನ್ನೋ ಸಾಧ್ಯತೆ ಸಮಸಮ, ಒಬ್ಬರ ಮತ ಇನ್ನೊಬ್ಬರನ್ನು ಅವಲಂಬಿಸಿಲ್ಲ ಅಂದ್ರೆ ಆ ದಾಖಲೆಯಲ್ಲಿ 7 ಬಿಟ್ ಮಾಹಿತಿ ಇದೆ. ಪ್ರತಿ ಸಲವೂ 7-0 ಅಂತಲೇ ಬರುತ್ತೆ ಅಂತಾದರೆ ಮಾಹಿತಿ ಸೊನ್ನೆ ಬಿಟ್. ಉತ್ತರ ಮುಂಚೆಯೇ ಗೊತ್ತಿದ್ದ ಮೇಲೆ ಕೇಳಿ ಏನು ಪ್ರಯೋಜನ? ಇಂಥ ಸಣ್ಣ ಮಂಡಳಿಗಳಲ್ಲಿ ಬಹುತೇಕ ಮತ ಅವಿರೋಧವೇ ಆಗಿರುತ್ತೆ. ಯಾಕಂದ್ರೆ ಸೋಲೋ ವಿಷಯ ಮತಕ್ಕೇ ಬರಲ್ಲ. ಅದನ್ನು ಮುಂದೂಡ್ತಾರೆ, ವಾಪಸ್ ತಗೊಳ್ತಾರೆ, ಉಪಸಮಿತಿಗೆ ಕಳಿಸ್ತಾರೆ.

ಹಾಗಾದರೆ ಮಾಹಿತಿ ಎಲ್ಲಿದೆ? ಮತದ ಅಂಕಿಯ ಸುತ್ತಮುತ್ತ ಇದೆ. ಒಳ್ಳೆ ಮತದ ದಾಖಲೆಯಲ್ಲಿ ಈ ಐದು ಇರಲೇಬೇಕು:

1. ಪ್ರಶ್ನೆ. ಮತಕ್ಕೆ ಹಾಕಿದ್ದು ನಿಖರವಾಗಿ ಏನು? 'ವಿಷಯ 14 ಅಂಗೀಕಾರ' ಅಂತಿದ್ದರೆ ಅದು ದಾಖಲೆ ಅಲ್ಲ, ಒಗಟು.

2. ಹೆಸರು. ಯಾರು ಹೌದು, ಯಾರು ಇಲ್ಲ, ಯಾರು ತಟಸ್ಥ, ಯಾರು ಗೈರು. ತಟಸ್ಥ ಬೇರೆ, ಗೈರು ಬೇರೆ. ಎರಡನ್ನೂ ಒಂದೇ ಖಾನೆಗೆ ತುಂಬಬಾರದು.

3. ಹೊರಗುಳಿದವರು. ತನ್ನ ಹಿತಾಸಕ್ತಿ ಇದೆ ಅಂತ ಯಾರು ಎದ್ದು ಹೋದರು, ಆ ಹಿತಾಸಕ್ತಿ ಏನು? ಹಿತಾಸಕ್ತಿ ಇದ್ದೂ ಯಾರು ಕೂತೇ ಇದ್ದರು? ರೇಸಿಂಗ್ ಸಣ್ಣ ಲೋಕ. ನಿಯಮ ಮಾಡೋರೇ ಕುದುರೆ ಸಾಕಿರ್ತಾರೆ, ಅದೇ ಟ್ರೈನರ್‌ಗೆ ಸಂಬಳ ಕೊಡ್ತಿರ್ತಾರೆ. ಅದಕ್ಕೇ ಈ ಖಾನೆಗೆ ಮಿಕ್ಕ ನಾಲ್ಕಕ್ಕಿಂತ ಬೆಲೆ ಹೆಚ್ಚು.

4. ಕಾರಣ. ನಾಲ್ಕು ಸಾಲಾದರೂ ಸಾಕು. ಹುಲ್ಲಿನಿಂದ ಬಂದದ್ದು ಅಂತ ನಂಬಿದ್ದಕ್ಕೆ ಆಧಾರ ಏನು ಅನ್ನೋದು ಅಲ್ಲೇ ಬರೆದಿರಬೇಕು.

5. ತಾರೀಖು. ಮತ ಹಾಕಿದ ದಿನ ಮತ್ತು ಪ್ರಕಟಿಸಿದ ದಿನ, ಎರಡೂ. ಈ ಎರಡರ ನಡುವಿನ ಅಂತರ ಆ ಸಂಸ್ಥೆಯ ಬಗ್ಗೆ ಬಹಳ ಹೇಳುತ್ತೆ.

ಜಸ್ಟಿಫೈ ಪ್ರಕರಣವನ್ನು ಈ ಐದು ಖಾನೆಗೆ ಹಾಕಿ ನೋಡಿ. ಎರಡನೇ ಖಾನೆ ಖಾಲಿ ಇದ್ದದ್ದಕ್ಕಿಂತ ಒಂದು, ಮೂರು, ನಾಲ್ಕು, ಐದು ಖಾಲಿ ಇದ್ದದ್ದು ದೊಡ್ಡ ಪೆಟ್ಟು ಕೊಟ್ಟಿತು. ಹೆಸರು ಕರೆದು ಮತ ಕೇಳಬೇಕು ಅನ್ನೋ ಕಾನೂನು ಅಷ್ಟು ಹೊತ್ತಿಗೆ ಇತ್ತು. ಆದರೆ ನಿರ್ಣಾಯಕ ಮತ ಬಿದ್ದದ್ದು ಬಾಗಿಲು ಹಾಕಿದ ಮೇಲೆ. ಬಾಗಿಲು ಯಾವಾಗ ಹಾಕಬಹುದು ಅನ್ನೋ ನಿಯಮ ಸಡಿಲ ಇದ್ದರೆ ಮತ ಪ್ರಕಟಣೆಯ ನಿಯಮ ಎಷ್ಟು ಬಿಗಿ ಇದ್ದರೂ ಉಪಯೋಗ ಅಷ್ಟಕ್ಕಷ್ಟೆ.

ಅಧಿಕಾರ ಮನೆ ಬದಲಾಯಿಸಿದಾಗ

ಸಾಂಟಾ ಅನಿಟಾದ ಸಾವುಗಳು, ಡೋಪಿಂಗ್ ಪ್ರಕರಣಗಳು ಎಲ್ಲ ಸೇರಿ, ರಾಜ್ಯಕ್ಕೊಂದು ನಿಯಮ ಸಾಕು, ಇನ್ನು ಇಡೀ ದೇಶಕ್ಕೆ ಒಂದೇ ಇರಲಿ ಅನ್ನೋ ಮಾತಿಗೆ ಬಲ ಬಂತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿತು. ಅದರಿಂದ ಬಲ ಪಡೆದ ಸಂಸ್ಥೆಯೇ ಹಾರ್ಸ್‌ರೇಸಿಂಗ್ ಇಂಟಿಗ್ರಿಟಿ ಅಂಡ್ ಸೇಫ್ಟಿ ಅಥಾರಿಟಿ, ಚಿಕ್ಕದಾಗಿ ಹಿಸಾ. 2022ರ ಜುಲೈ 1ಕ್ಕೆ ಅದರ ಟ್ರ್ಯಾಕ್ ಸುರಕ್ಷತೆಯ ನಿಯಮಗಳು, 2023ರ ಮೇ 22ಕ್ಕೆ ಔಷಧದ ನಿಯಮಗಳು ಜಾರಿಗೆ ಬಂದವು. ಚಾಟಿ 6 ಸಲ ಅನ್ನೋ ಮಿತಿ ಹಿಸಾ ನಿಯಮದಲ್ಲೂ ಇದೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಹಿಸಾ ಸರ್ಕಾರಿ ಇಲಾಖೆ ಅಲ್ಲ, ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ಅದರ ಮಂಡಳಿಯಲ್ಲಿ 9 ಜನ: 5 ಜನ ರೇಸಿಂಗ್ ಉದ್ಯಮದ ಹೊರಗಿನವರು, 4 ಜನ ಒಳಗಿನವರು. ಹೊರಗಿನವರಿಗೆ ಕುದುರೆಗಳಲ್ಲಿ ಹಣದ ಹಿತಾಸಕ್ತಿ ಇರಬಾರದು ಅಂತ ಕಾನೂನೇ ಹೇಳುತ್ತೆ. ಇದು ಒಳ್ಳೆಯದೇ, ನಮ್ಮ ಮೂರನೇ ಖಾನೆಯ ತಲೆನೋವು ಅರ್ಧ ಕಡಿಮೆ ಆಯ್ತು.

ಆದರೆ ಅದು ಮಾಡೋ ನಿಯಮ ತಾನಾಗಿ ಕಾನೂನಾಗಲ್ಲ. ಫೆಡರಲ್ ಟ್ರೇಡ್ ಕಮಿಷನ್ ಅನ್ನೋ ಸರ್ಕಾರಿ ಆಯೋಗಕ್ಕೆ ಕಳಿಸಬೇಕು. ಅದು ಗೆಜೆಟ್‌ನಂಥ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟ ಆಗುತ್ತೆ, ಜನ ಅಭಿಪ್ರಾಯ ಬರೀತಾರೆ, ಪ್ರಕಟವಾದ 60 ದಿನದೊಳಗೆ ಆಯೋಗ ಒಪ್ಪಬೇಕು ಅಥವಾ ತಿರಸ್ಕರಿಸಬೇಕು. ಆಯೋಗದ ಸದಸ್ಯರ ಮತ ಬಹಿರಂಗ. ಒಂದಕ್ಕಿಂತ ಹೆಚ್ಚು ಸದಸ್ಯರಿರೋ ಪ್ರತಿ ಫೆಡರಲ್ ಸಂಸ್ಥೆಯೂ ಪ್ರತಿ ಸದಸ್ಯನ ಅಂತಿಮ ಮತದ ದಾಖಲೆಯನ್ನು ಜನ ನೋಡೋ ಹಾಗೆ ಇಡಬೇಕು ಅಂತ ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಹೇಳುತ್ತೆ. ಇದು 1966ರಿಂದಲೂ ಇದೆ.

ಅಂದ್ರೆ ಒಂದು ನಿಯಮಕ್ಕೆ ಎರಡು ಮತ. ಎರಡನೆಯದು, ಆಯೋಗದ್ದು, ಗಾಜಿನ ಕೋಣೆಯಲ್ಲಿ. ಮೊದಲನೆಯದು, ಹಿಸಾ ಮಂಡಳಿಯದ್ದು, ಖಾಸಗಿ ಸಂಸ್ಥೆಯ ಕೋಣೆಯಲ್ಲಿ, ಸರ್ಕಾರಿ ಸಂಸ್ಥೆಗಳಿಗಾಗಿ ಮಾಡಿದ ಆ ಕಾಯ್ದೆಯ ಹೊರಗೆ. ನಿಯಮದ ರೂಪ, ಅಂಕಿ, ವಿನಾಯಿತಿ ಎಲ್ಲ ಹುಟ್ಟೋದು ಮೊದಲ ಕೋಣೆಯಲ್ಲಿ. ಕ್ಯಾಲಿಫೋರ್ನಿಯಾದ ಜಾಕಿ 2020ರಲ್ಲಿ ತನ್ನ ರಾಜ್ಯದ ಸದಸ್ಯರ ಮತವನ್ನು ಹೆಸರು ಸಮೇತ ಕೇಳಬಹುದಿತ್ತು. ಈಗ ಆ ಹಕ್ಕು ಆಯೋಗದ ಮತಕ್ಕೆ ಮಾತ್ರ.

ಖಾಸಗಿ ಸಂಸ್ಥೆಗೆ ಇಷ್ಟು ಅಧಿಕಾರ ಕೊಡಬಹುದಾ ಅನ್ನೋದು ಕೋರ್ಟಿಗೂ ಹೋಯ್ತು. 2022ರ ನವೆಂಬರ್‌ನಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮರು ತಿಂಗಳೇ ಕಾಂಗ್ರೆಸ್ ಕಾನೂನು ತಿದ್ದಿ, ಹಿಸಾ ನಿಯಮಗಳನ್ನು ಬದಲಾಯಿಸೋ, ರದ್ದು ಮಾಡೋ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿತು. ವ್ಯಾಜ್ಯ ಅಲ್ಲಿಗೂ ನಿಲ್ಲಲಿಲ್ಲ. ಕೋರ್ಟುಗಳು ಕೇಳಿದ್ದು ಅಂತಿಮ ಮಾತು ಯಾರದ್ದು ಅಂತ. ನಮ್ಮಂಥ ಓದುಗರು ಅದರ ಜೊತೆಗೆ, ಮೊದಲ ಮಾತು ಯಾರದ್ದು, ಅದು ನಮಗೆ ಕಾಣುತ್ತಾ ಅಂತಲೂ ಕೇಳಬೇಕು.

ಬಹಿರಂಗ ಮಾಡಿದರೆ ನಷ್ಟ ಇಲ್ವಾ?

ಇದೆ. ಸುಮ್ನೆ ಇಲ್ಲ ಅನ್ನೋದು ಬೇಡ. ಹೆಸರು ಹೊರಗೆ ಬರುತ್ತೆ ಅಂದ್ರೆ ಸದಸ್ಯರು ಜನ ಮೆಚ್ಚೋ ಹಾಗೆ ಮಾತಾಡೋದು, ಮನಸ್ಸು ಬದಲಾಯಿಸೋಕೆ ಹಿಂಜರಿಯೋದು ಉಂಟು. ನಿಜವಾದ ಮಾತುಕತೆ ಸಭೆಗೆ ಮುಂಚೆ ಕಾಫಿ ಟೇಬಲ್ಲಿಗೆ ಹೋಗಿಬಿಡಬಹುದು. ಲಾಬಿ ಮಾಡೋರಿಗೂ ಮತದ ಪಟ್ಟಿ ಅನುಕೂಲವೇ, ಯಾರು ತಮ್ಮ ಕಡೆ ಅಂತ ಎಣಿಸಿಕೊಳ್ತಾರೆ. ನಮ್ಮ ರಾಜಕೀಯದ 'ಕುದುರೆ ವ್ಯಾಪಾರ' ಅಸಲಿ ಕುದುರೆಗಳ ಮಂಡಳಿಯಲ್ಲೂ ನಡೀಬಹುದು.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆ ಪರಿಹಾರ ಇದೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯಲ್ಲಿ 6 ಜನ. ಬಡ್ಡಿದರದ ಚರ್ಚೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತೆ. ಆದರೆ ಸಭೆಯ 14ನೇ ದಿನ ಪ್ರತಿ ಸದಸ್ಯನ ಮತವನ್ನೂ, ಹಾಗೆ ಮತ ಹಾಕಿದ್ದು ಯಾಕೆ ಅನ್ನೋ ಅವರವರ ಹೇಳಿಕೆಯನ್ನೂ ಪ್ರಕಟಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಮಾತಾಡುವಾಗ ಮುಕ್ತ, ಆಮೇಲೆ ಲೆಕ್ಕ ಖಚಿತ. ಬಡ್ಡಿದರದಂಥ ನಾಜೂಕಿನ ವಿಷಯಕ್ಕೇ 14 ದಿನ ಸಾಕಾದರೆ, ಒಂದು ಕುದುರೆಯ ಮೂತ್ರ ಪರೀಕ್ಷೆಯ ತೀರ್ಮಾನಕ್ಕೆ ಒಂದು ವರ್ಷ ಯಾಕೆ ಬೇಕು?

ನಮ್ಮ ಕಡೆ

ಬೆಂಗಳೂರು, ಮೈಸೂರಿನಲ್ಲಿ ರೇಸ್ ನಡೆಸೋದು ಕ್ಲಬ್ಬುಗಳು. ರಾಜ್ಯ ಸರ್ಕಾರ 1952ರ ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಡಿ ಲೈಸೆನ್ಸ್ ಕೊಡುತ್ತೆ. ಅಂದ್ರೆ ಇಲ್ಲೂ ಎರಡು ಕೋಣೆ: ಲೈಸೆನ್ಸ್ ಕೊಡೋ ಸರ್ಕಾರದ್ದು ಒಂದು, ರೇಸಿನ ದಿನನಿತ್ಯದ ಶಿಸ್ತು ನೋಡೋ ಕ್ಲಬ್ಬಿನದ್ದು ಇನ್ನೊಂದು. ಸರ್ಕಾರದ ಕೋಣೆಯ ಮಟ್ಟಿಗೆ ನಮ್ಮ ಕೈಯಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಂಡಳಿ, ಸಮಿತಿಗಳ ಪಟ್ಟಿಯನ್ನೂ, ಅವುಗಳ ಸಭೆಗೆ ಸಾರ್ವಜನಿಕರು ಬರಬಹುದಾ, ನಡಾವಳಿ ಸಿಗುತ್ತಾ ಅನ್ನೋದನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಆದರೆ ನಡಾವಳಿಯಲ್ಲಿ ಹೆಸರುವಾರು ಮತ ಇರಲೇಬೇಕು ಅಂತ ಆ ಸೆಕ್ಷನ್ ಹೇಳಲ್ಲ. 'ಚರ್ಚಿಸಿ ಒಪ್ಪಲಾಯಿತು' ಅಂತ ಬರೆದರೂ ಅದು ನಡಾವಳಿಯೇ.

ಆ 'ಚರ್ಚಿಸಿ ಒಪ್ಪಲಾಯಿತು' ಅನ್ನೋ ಕರ್ಮಣಿ ಪ್ರಯೋಗ ಇದೆಯಲ್ಲ, ಅದನ್ನೇ ಹಿಡ್ಕೊಳ್ಳಿ. ಯಾರು ಚರ್ಚಿಸಿದರು, ಯಾರು ಒಪ್ಪಿದರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ರೇಸಿಂಗ್ ಬೋರ್ಡ್ ಇರಲಿ, ಸಹಕಾರ ಸಂಘ ಇರಲಿ, ನಮ್ಮ ಕಾಲೇಜಿನ ಫೆಸ್ಟ್ ಕಮಿಟಿಯೇ ಇರಲಿ, ಮುಂದಿನ ಸಲ ಯಾವುದಾದರೂ ನಡಾವಳಿ ಕೈಗೆ ಸಿಕ್ಕರೆ ಮೊದಲು ಆ ಕರ್ತೃವನ್ನು ಹುಡುಕಿ. ಆಮೇಲೆ ಮಿಕ್ಕ ಖಾನೆಗಳನ್ನು ಒಂದೊಂದಾಗಿ ತುಂಬ್ತಾ ಹೋಗಿ. ಯಾವ ಖಾನೆ ಖಾಲಿ ಉಳೀತೋ, ಕೇಳಬೇಕಾದ ಪ್ರಶ್ನೆ ಅಲ್ಲಿದೆ.